ಸೈಕೋನಾಟ್ಸ್ 2: ಮಾರಾಟವಾದ ಸ್ಟುಡಿಯೊ ಕೊಟ್ಟ ಆಟ

ಕನ್ಸೋಲ್ ಎಂಬ ವಿಡಿಯೊ ಆಟದ ಯಂತ್ರ ತಯಾರಿಸುವ ದೊಡ್ಡ ಕಂಪನಿಯೊಂದು, ಆಟ ಕಟ್ಟುವ ಸಣ್ಣ ಸ್ವತಂತ್ರ ಸ್ಟುಡಿಯೊವನ್ನು ಕೊಳ್ಳಲಿದೆ ಎಂಬ ವದಂತಿ ಹಬ್ಬಿದಾಗಲೆಲ್ಲ ಆಟಗಾರರು ಎರಡು ಪಾಳಯವಾಗುತ್ತಾರೆ. ಇನ್ನು ಮುಂದೆ ಆ ಸ್ಟುಡಿಯೊ ಹಣಕ್ಕಾಗಿ ಬಾಗಿಲಿಂದ ಬಾಗಿಲಿಗೆ ಅಲೆಯಬೇಕಿಲ್ಲ ಎಂದು ಸಮಾಧಾನಪಡುವವರು ಒಂದು ಕಡೆ. ಅದರ ಸ್ವಂತಿಕೆಯ ಕಥೆ ಇಲ್ಲಿಗೆ ಮುಗಿಯಿತು ಎಂದು ನಿಟ್ಟುಸಿರು ಬಿಡುವವರು ಇನ್ನೊಂದು ಕಡೆ. ಈ ವಾದ ಬಹುಪಾಲು ಊಹೆಯ ಮೇಲೆಯೇ ನಡೆಯುತ್ತದೆ, ಏಕೆಂದರೆ ಖರೀದಿಗೆ ಮೊದಲು ಒಂದು ಆಟ ಹೇಗಿತ್ತು, ಖರೀದಿಯ ನಂತರ ಅದು ಏನಾಯಿತು ಎಂದು ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಹೊರಗಿನವರಿಗೆ ಸಿಗುವುದು ಅಪರೂಪ. ಅಂಥ ಅಪರೂಪದ ಅವಕಾಶವನ್ನು ಕೊಟ್ಟ ಆಟ, 2021ರ ಆಗಸ್ಟ್ 25ರಂದು ಬಿಡುಗಡೆಯಾದ ‘ಸೈಕೋನಾಟ್ಸ್ 2’. ಸಾನ್ ಫ್ರಾನ್ಸಿಸ್ಕೊದ ಡಬಲ್ ಫೈನ್ ಸ್ಟುಡಿಯೊ ಇದನ್ನು ಸ್ವತಂತ್ರವಾಗಿ ಆರಂಭಿಸಿ, ಮೈಕ್ರೋಸಾಫ್ಟಿನ ಒಡೆತನದಲ್ಲಿ ಮುಗಿಸಿತು. ಈ ವಿಮರ್ಶೆ ಆಟದ್ದು. ಆದರೆ ಆಟದ ಗುಣದೋಷಗಳನ್ನು ಆ ಖರೀದಿಯಿಂದ ಬೇರ್ಪಡಿಸಿ ಮಾತಾಡುವುದು ಸಾಧ್ಯವಿಲ್ಲ.

ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಲ್ಯೂಕಸ್ ಆರ್ಟ್ಸ್ ಕಂಪನಿಯಲ್ಲಿ ಹಾಸ್ಯಪ್ರಧಾನ ಸಾಹಸದ ಆಟಗಳನ್ನು ಬರೆದು ಹೆಸರು ಮಾಡಿದ್ದ ಟಿಮ್ ಶೇಫರ್ ಅಲ್ಲಿಂದ ಹೊರಬಂದು 2000ದಲ್ಲಿ ಡಬಲ್ ಫೈನ್ ಕಟ್ಟಿದರು. ಸ್ಟುಡಿಯೊದ ಮೊದಲ ಆಟವೇ ‘ಸೈಕೋನಾಟ್ಸ್’. ಅದನ್ನು ತನ್ನ ಕನ್ಸೋಲ್ ಎಕ್ಸ್‌ಬಾಕ್ಸಿಗಾಗಿ ಪ್ರಕಟಿಸುವ ಹೊಣೆ ಹೊತ್ತಿದ್ದ ಮೈಕ್ರೋಸಾಫ್ಟ್ 2004ರಲ್ಲಿ, ಕೆಲಸ ಇನ್ನೂ ನಡೆಯುತ್ತಿರುವಾಗಲೇ ಕೈಬಿಟ್ಟಿತು. ಮಜೆಸ್ಕೊ ಎಂಬ ಸಣ್ಣ ಪ್ರಕಾಶಕ ಸಂಸ್ಥೆ ಅದನ್ನು ಎತ್ತಿಕೊಂಡು 2005ರಲ್ಲಿ ಹೊರತಂದಿತು. ವಿಮರ್ಶಕರು ಹೊಗಳಿದರು, ಅಂಗಡಿಗಳಲ್ಲಿ ಮಾತ್ರ ಅದು ಮಾರಾಟವಾಗಲಿಲ್ಲ. ಕೈಬಿಟ್ಟ ಹದಿನೈದು ವರ್ಷಗಳ ನಂತರ ಅದೇ ಮೈಕ್ರೋಸಾಫ್ಟ್ ಇಡೀ ಸ್ಟುಡಿಯೊವನ್ನೇ ಕೊಂಡದ್ದು ಈ ಉದ್ಯಮದ ವಿಚಿತ್ರಗಳಲ್ಲಿ ಒಂದು. ಕಂಪನಿಯ ಹೆಸರು ಬದಲಾಗದಿದ್ದರೂ ಅದರೊಳಗೆ ನಿರ್ಧಾರ ಮಾಡುವವರು ಬದಲಾಗುತ್ತಾರೆ ಎಂಬುದನ್ನು, ಖರೀದಿಗಳ ಬಗ್ಗೆ ಸಂತೋಷಪಡುವವರೂ ದುಃಖಪಡುವವರೂ ಒಟ್ಟಿಗೆ ಮರೆಯುತ್ತಾರೆ.

ಮುಂದಿನ ಆಟ ‘ಬ್ರೂಟಲ್ ಲೆಜೆಂಡ್’ ಕೂಡ ಇದೇ ಪಾಡು ಪಟ್ಟಿತು. ಅದನ್ನು ಪ್ರಕಟಿಸಬೇಕಿದ್ದ ವಿವೆಂಡಿಯ ಆಟಗಳ ವಿಭಾಗ 2008ರಲ್ಲಿ ಆಕ್ಟಿವಿಷನ್ನಿನೊಂದಿಗೆ ವಿಲೀನವಾದಾಗ ಹೊಸ ಯಜಮಾನರು ಅದನ್ನು ಬಿಟ್ಟುಬಿಟ್ಟರು. ಎಲೆಕ್ಟ್ರಾನಿಕ್ ಆರ್ಟ್ಸ್ ಎತ್ತಿಕೊಂಡಾಗ, ಬಿಟ್ಟವರೇ ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಆಟ ಬಂತು, ಅದರ ಮುಂದಿನ ಭಾಗ ರದ್ದಾಯಿತು. ಒಂದೇ ದೊಡ್ಡ ಯೋಜನೆಯನ್ನು ನೆಚ್ಚಿಕೊಂಡಿದ್ದ ಸ್ಟುಡಿಯೊ ಆಗ ಮುಚ್ಚಿಹೋಗಬಹುದಿತ್ತು. ಅದನ್ನು ಉಳಿಸಿದ್ದು ಹೊರಗಿನ ಧಣಿಯಲ್ಲ, ಒಳಗಿನ ಒಂದು ಪದ್ಧತಿ. ದೊಡ್ಡ ಆಟದ ಕೆಲಸವನ್ನು ಎರಡು ವಾರ ಬದಿಗಿಟ್ಟು, ಸಿಬ್ಬಂದಿ ಸಣ್ಣ ಸಣ್ಣ ತಂಡಗಳಾಗಿ ತಮಗೆ ತೋಚಿದ ಪುಟ್ಟ ಆಟದ ಮಾದರಿಗಳನ್ನು ಕಟ್ಟುವ ಈ ಪದ್ಧತಿಗೆ ಅವರು ‘ಅಮ್ನೀಷಿಯಾ ಫೋರ್ಟ್‌ನೈಟ್’ ಎಂದು ಹೆಸರಿಟ್ಟಿದ್ದರು. ಆ ಮಾದರಿಗಳೇ ಬೆಳೆದು ‘ಕಾಸ್ಟ್ಯೂಮ್ ಕ್ವೆಸ್ಟ್’, ‘ಸ್ಟ್ಯಾಕಿಂಗ್’ ಮುಂತಾದ ಆಟಗಳಾಗಿ ಸಂಬಳದ ಖರ್ಚನ್ನು ಹೊತ್ತವು.

2012ರ ಫೆಬ್ರುವರಿಯಲ್ಲಿ ಶೇಫರ್ ಪ್ರಕಾಶಕರ ಸಹವಾಸವನ್ನೇ ಬಿಟ್ಟು ನೇರವಾಗಿ ಆಟಗಾರರ ಮುಂದೆ ಕೈಚಾಚಿದರು. ಜನರಿಂದ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ್ದು 4 ಲಕ್ಷ ಡಾಲರ್. ಬಂದದ್ದು 87,000ಕ್ಕೂ ಹೆಚ್ಚು ಜನರಿಂದ 33 ಲಕ್ಷ ಡಾಲರ್. ಜನರ ಹಣದಿಂದ ಆಟ ಮಾಡುವ ಅಲೆ ಎದ್ದದ್ದು ಅಲ್ಲಿಂದಲೇ ಎನ್ನಬಹುದು. ಆದರೆ ಹೆಚ್ಚು ಹಣ ಬಂದಷ್ಟೂ ಆಟದ ಕನಸೂ ಹಿಗ್ಗಿತು. ಕೊನೆಗೆ ಆ ಹಣದಿಂದ ಮಾಡಿದ ಆಟ ‘ಬ್ರೋಕನ್ ಏಜ್’ 2014ರಲ್ಲಿ ಒಂದು ಭಾಗ, 2015ರಲ್ಲಿ ಇನ್ನೊಂದು ಭಾಗ ಎಂದು ಎರಡು ಕಂತುಗಳಲ್ಲಿ ಬಂತು. ಪ್ರಕಾಶಕರ ಒತ್ತಡವಿಲ್ಲದಿದ್ದರೆ ಎಲ್ಲವೂ ಸುಸೂತ್ರ ಎಂಬ ನಂಬಿಕೆ ಎಷ್ಟು ಸರಿ ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆ ಸ್ಟುಡಿಯೊಗೆ ಹಣ ಸಾಲದೆ ಹೋದದ್ದಕ್ಕಿಂತ, ಹಣಕ್ಕೆ ತಕ್ಕಂತೆ ಆಟದ ಗಾತ್ರವನ್ನು ಕತ್ತರಿಸುವ ಮನಸ್ಸು ಸಾಲದೆ ಹೋದದ್ದೇ ಹೆಚ್ಚು ಎಂದು ನನ್ನ ಅಭಿಪ್ರಾಯ.

‘ಸೈಕೋನಾಟ್ಸ್ 2’ರ ಕಥೆಯೂ ಇದೇ ಜಾಡಿನಲ್ಲಿ ಶುರುವಾಯಿತು. 2015ರ ಡಿಸೆಂಬರಿನಲ್ಲಿ ಘೋಷಣೆಯಾಯಿತು. ಫಿಗ್ ಎಂಬ ತಾಣದಲ್ಲಿ ಆಟಗಾರರಿಂದಲೂ ಹೂಡಿಕೆದಾರರಿಂದಲೂ ಸುಮಾರು 38 ಲಕ್ಷ ಡಾಲರ್ ಕೂಡಿತು. 2018ಕ್ಕೆ ಬರುತ್ತದೆ ಎಂದು ಹೇಳಲಾಯಿತು. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ 80 ಲಕ್ಷ ಡಾಲರ್ ಹೂಡಿ ಪ್ರಕಾಶನದ ಹಕ್ಕು ಪಡೆಯಿತು. 2018ರ ಕೊನೆಗೆ ಸ್ಟಾರ್‌ಬ್ರೀಜ್ ತಾನೇ ದಿವಾಳಿಯ ಅಂಚಿಗೆ ಬಂದು ಸ್ವೀಡನ್ನಿನ ನ್ಯಾಯಾಲಯದಲ್ಲಿ ಸಾಲದ ಪುನಾರಚನೆಗೆ ಅರ್ಜಿ ಹಾಕಿತು. ಮೂರು ಮೂಲಗಳಿಂದ ಹಣ ಬಂದಿದ್ದರೂ ಆಟ ಮುಗಿದಿರಲಿಲ್ಲ. ಹಣ ಕೊಡಬೇಕಾದವರಲ್ಲೇ ಹಣವಿರಲಿಲ್ಲ. 2019ರ ಜೂನಿನಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆದ ಇ3 ಎಂಬ ವಿಡಿಯೊ ಆಟಗಳ ಪ್ರದರ್ಶನದ ವೇದಿಕೆಯ ಮೇಲೆ, ಡಬಲ್ ಫೈನ್ ಇನ್ನು ತನ್ನದು ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತು. ಸ್ಟುಡಿಯೊಗೆ ಕೊಟ್ಟ ಬೆಲೆಯನ್ನು ಬಹಿರಂಗಪಡಿಸಲಿಲ್ಲ. ಆದರೆ ಸ್ಟಾರ್‌ಬ್ರೀಜ್ ಬಳಿಯಿದ್ದ ಈ ಒಂದು ಆಟದ ಪ್ರಕಾಶನದ ಹಕ್ಕನ್ನು ಬಿಡಿಸಿಕೊಳ್ಳಲು ಅದು 1 ಕೋಟಿ 32 ಲಕ್ಷ ಡಾಲರ್ ಕೊಟ್ಟಿತು.

ಮೈಕ್ರೋಸಾಫ್ಟ್ ಆ ಹೊತ್ತಿನಲ್ಲಿ ಏಕೆ ಹೀಗೆ ಕೊಳ್ಳುತ್ತಿತ್ತು ಎಂಬುದೂ ಸ್ಪಷ್ಟ. 2017ರಲ್ಲಿ ಆರಂಭವಾದ ಗೇಮ್ ಪಾಸ್ ಎಂಬ ತಿಂಗಳ ಚಂದಾ ಸೇವೆಗೆ, ತನ್ನ ಒಡೆತನದ ಆಟಗಳೆಲ್ಲ ಬಿಡುಗಡೆಯ ದಿನವೇ ಸೇರುತ್ತವೆ ಎಂದು ಅದು 2018ರ ಜನವರಿಯಲ್ಲಿ ಮಾತು ಕೊಟ್ಟಿತ್ತು. ಆ ಮಾತನ್ನು ಉಳಿಸಿಕೊಳ್ಳಲು ಬೇಕಾದಷ್ಟು ಸ್ಟುಡಿಯೊಗಳು ಅದರ ಬಳಿ ಇರಲಿಲ್ಲ. ಹಾಗಾಗಿ 2018ರಲ್ಲಿ ನಿಂಜಾ ಥಿಯರಿ, ಪ್ಲೇಗ್ರೌಂಡ್, ಅನ್‌ಡೆಡ್ ಲ್ಯಾಬ್ಸ್, ಕಂಪಲ್ಷನ್, ಆಬ್ಸಿಡಿಯನ್, ಇನ್‌ಎಕ್ಸೈಲ್ ಎಂದು ಸಾಲುಸಾಲಾಗಿ ಕೊಂಡಿತು. ಕನ್ಸೋಲ್ ಮಾರುವ ಅದರ ಪ್ರತಿಸ್ಪರ್ಧಿಗಳಾದ ಸೋನಿ ಮತ್ತು ನಿಂಟೆಂಡೊಗಳ ರೀತಿ ಬೇರೆ. ಫಿನ್ಲೆಂಡಿನ ಹೌಸ್‌ಮಾರ್ಕ್ ಸ್ಟುಡಿಯೊವನ್ನು ಸೋನಿ ಕೊಂಡದ್ದು, ಕೆನಡಾದ ನೆಕ್ಸ್ಟ್ ಲೆವೆಲ್ ಗೇಮ್ಸ್ ಸ್ಟುಡಿಯೊವನ್ನು ನಿಂಟೆಂಡೊ ಕೊಂಡದ್ದು, ಎರಡೂ 2021ರಲ್ಲಿ, ಎರಡೂ ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿದ ನಂತರ. ಅವರು ಬಾಳಿ ನೋಡಿ ಮದುವೆಯಾದವರು. ಮೈಕ್ರೋಸಾಫ್ಟಿನದು ಮುಹೂರ್ತ ಹತ್ತಿರ ಬಂತೆಂದು ಆತುರದಲ್ಲಿ ಕೂಡಿಸಿದ ಸಂಬಂಧ.

ಈಗ ಆಟಕ್ಕೆ ಬರೋಣ. ರ‍್ಯಾಜ್‌ಪುಟಿನ್ ಅಕ್ವಾಟೊ ಹತ್ತು ವರ್ಷದ ಹುಡುಗ. ಸರ್ಕಸ್ಸಿನಲ್ಲಿ ದೊಂಬರಾಟ ಆಡುವ ಮನೆತನದವನು. ನೀರಿನಲ್ಲಿ ಸಾಯಬೇಕೆಂಬ ಶಾಪ ಆ ಮನೆತನಕ್ಕಿದೆ. ಅನ್ಯರ ಮನಸ್ಸಿನೊಳಗೆ ಇಳಿಯಬಲ್ಲ ಗೂಢಚಾರರ ಪಡೆಯೇ ಸೈಕೋನಾಟ್ಸ್. ಮೊದಲ ಆಟದಲ್ಲಿ ಬೇಸಿಗೆ ಶಿಬಿರದಲ್ಲಿದ್ದ ರ‍್ಯಾಜ್ ಇಲ್ಲಿ ಪಡೆಯ ಮುಖ್ಯ ಕಚೇರಿಗೆ ಬರುತ್ತಾನೆ, ಆದರೆ ಅಧಿಕಾರಿಯಾಗಿ ಅಲ್ಲ, ತರಬೇತಿಯ ಹುಡುಗನಾಗಿ. ಎರಡೂ ಆಟಗಳ ನಡುವೆ ಹದಿನಾರು ವರ್ಷಗಳ ಅಂತರವಿದ್ದರೂ ಕಥೆಯೊಳಗೆ ಕೆಲವೇ ದಿನಗಳ ಅಂತರವಷ್ಟೇ. ಹುಡುಗನಿಗೆ ರಿಚರ್ಡ್ ಹಾರ್ವಿಟ್ಜ್ ಅವರದೇ ದನಿ, ಪೀಟರ್ ಮೆಕಾನೆಲ್ ಅವರದೇ ಸಂಗೀತ, ಅದೇ ಡೊಂಕು ಮುಖಗಳು, ವಾಲಿದ ಗೋಡೆಗಳು. ಒಡೆತನ ಬದಲಾದ ಸ್ಟುಡಿಯೊದ ಆಟದಲ್ಲಿ ಇಷ್ಟೊಂದು ಹಳೆಯದು ಉಳಿದಿರುವುದೇ ಮೊದಲ ಸಮಾಧಾನ.

ಆಟದ ಪ್ರತಿ ಹಂತವೂ ಒಬ್ಬರ ಮನಸ್ಸು. ಆರಂಭದ ಮನಸ್ಸು ದಂತವೈದ್ಯ ಲೊಬೊಟೊನದು. ಶುದ್ಧ ಕಚೇರಿಯ ಕೋಣೆಗಳ ಗೋಡೆ ಬಿರಿದು ಒಳಗಿನಿಂದ ಹಲ್ಲು ಒಸಡುಗಳು ಹೊರಬರುತ್ತವೆ. ಹಲ್ಲಿನ ವೈದ್ಯರೆಂದರೆ ಬೆವರುವವರಿಗೆ ಇದು ಹಿಂಸೆಯೇ. ಮಾನಸಿಕ ಅಸ್ವಾಸ್ಥ್ಯ, ಚಟ, ಗಾಬರಿಯಂಥ ವಿಷಯಗಳು ಆಟದಲ್ಲಿವೆ ಎಂಬ ಎಚ್ಚರಿಕೆಯನ್ನು ಆರಂಭದಲ್ಲಿಯೇ ತೋರಿಸುತ್ತಾರೆ, ಮತ್ತು ಆ ಎಚ್ಚರಿಕೆ ಕೇವಲ ಔಪಚಾರಿಕವಲ್ಲ. ಮೊದಲ ಆಟ ಬಂದ ಕಾಲದಲ್ಲಿ ಮನೋರೋಗ ಎಂದರೆ ನಗಿಸುವ ಸರಕು; ಹುಚ್ಚಾಸ್ಪತ್ರೆಯ ಹಾಸ್ಯ ಆಗ ಹೆಚ್ಚಿನವರಿಗೆ ಚುಚ್ಚುತ್ತಿರಲಿಲ್ಲ. ಎರಡನೆಯದನ್ನು ಬರೆದವರು ಆ ನಗೆಯನ್ನು ಬಿಟ್ಟುಕೊಡದೆ, ನಗೆಯ ಗುರಿಯನ್ನು ಬದಲಾಯಿಸಿದ್ದಾರೆ. ಇಲ್ಲಿ ನಗೆ ಹುಟ್ಟುವುದು ನರಳುವವರ ವಿಚಿತ್ರ ವರ್ತನೆಯಿಂದಲ್ಲ. ಅವರ ಭಯವು ತಾನೇ ಕಟ್ಟಿಕೊಂಡ ವೈಭವದ ಅರಮನೆಗಳಿಂದ.

ಇದು ಅತ್ಯಂತ ಚೆನ್ನಾಗಿ ಕಾಣುವುದು ಹಾಲಿಸ್ ಫೋರ್ಸೈಥ್ ಅವರ ಮನಸ್ಸಿನಲ್ಲಿ. ಆಕೆ ಪಡೆಯ ಉಪಮುಖ್ಯಸ್ಥೆ, ತರಬೇತಿಯವರಿಗೆ ಪಾಠ ಹೇಳುವವರು. ಒಬ್ಬರ ಮನಸ್ಸಿನಲ್ಲಿರುವ ಎರಡು ಯೋಚನೆಗಳನ್ನು ಜೋಡಿಸುವ ಶಕ್ತಿಯನ್ನು ರ‍್ಯಾಜ್ ಆಗಷ್ಟೇ ಕಲಿತಿರುತ್ತಾನೆ. ಕಾರ್ಯಾಚರಣೆಗೆ ತಮ್ಮನ್ನೂ ಕರೆದೊಯ್ಯಲಿ ಎಂಬ ಆಸೆಯಿಂದ, ಸಹಪಾಠಿಗಳ ಕುಮ್ಮಕ್ಕಿನಿಂದ, ಆಕೆಯ ತಲೆಯೊಳಗೆ ಹೋಗಿ ಅಪಾಯದ ಯೋಚನೆಯನ್ನು ಹಣದ ಯೋಚನೆಗೆ ತಂದು ಕಟ್ಟುತ್ತಾನೆ. ಪರಿಣಾಮವಾಗಿ ಶಿಸ್ತಿನ ಆ ಹೆಂಗಸು ಪಡೆಯ ಹಣವನ್ನೆಲ್ಲ ಜೂಜಿಗೆ ಸುರಿಯಲು ಹೊರಡುತ್ತಾಳೆ. ಮತ್ತೆ ಒಳಗೆ ಹೋದಾಗ ಕಾಣುವುದು ಆಸ್ಪತ್ರೆಯೂ ಕ್ಯಾಸಿನೊವೂ ಒಂದಾಗಿ ಬೆಸೆದುಕೊಂಡ ಲೋಕ: ಹೃದ್ರೋಗದ ವಿಭಾಗದಲ್ಲಿ ಇಸ್ಪೀಟು, ಔಷಧಾಲಯದಲ್ಲಿ ಮಾತ್ರೆಗಳ ಓಟದ ಪಂದ್ಯ, ಹೆರಿಗೆ ವಾರ್ಡಿನಲ್ಲೂ ಅದೃಷ್ಟದ ಆಟ. ಕಣ್ಣಿಗೆ ಇದು ಹಬ್ಬ. ಆದರೆ ಹಂತ ಮುಗಿದ ಮೇಲೆ ಬರುವ ಮಾತುಕತೆಯೇ ನನಗೆ ಹೆಚ್ಚು ಹಿಡಿಸಿತು. ನಮ್ಮ ಕೆಲಸ ಜನರ ಮನಸ್ಸನ್ನು ಬದಲಿಸುವುದಲ್ಲ, ಅವರು ತಮ್ಮ ಸಂಕಟದೊಡನೆ ತಾವೇ ಸೆಣಸಲು ನೆರವಾಗುವುದು ಎಂದು ಹಾಲಿಸ್ ಹುಡುಗನಿಗೆ ತಿಳಿಹೇಳುತ್ತಾರೆ; ಅಲ್ಲಿಂದ ಮುಂದೆ ಯಾರ ಮನಸ್ಸಿಗೂ ರ‍್ಯಾಜ್ ಕೇಳದೆ ಇಳಿಯಲು ಹಿಂಜರಿಯುತ್ತಾನೆ. ಆಟಗಾರನಿಗೆ ಒಂದು ಶಕ್ತಿಯನ್ನು ಕೈಗೆ ಕೊಟ್ಟು, ಅದನ್ನು ಸಂತೋಷದಿಂದ ಬಳಸುವಂತೆ ಮಾಡಿ, ಆಮೇಲೆ ಅದರ ಬೆಲೆಯನ್ನು ಕೇಳುವ ಈ ಕ್ರಮ ಕೇವಲ ಆಟ ಎಂಬ ಮಾಧ್ಯಮದಲ್ಲಿ ಸಾಧ್ಯವಾಗುವಂಥದು.

ಕಾಂಪ್ಟನ್ ಬೂಲ್ ಎಂಬ ಮುದುಕನ ಮನಸ್ಸು ಟಿವಿಯ ಅಡುಗೆ ಸ್ಪರ್ಧೆ. ಯಾರು ತನ್ನನ್ನು ಹೇಗೆ ಅಳೆಯುತ್ತಾರೋ ಎಂಬ ಆತಂಕದಲ್ಲೇ ಜೀವ ಸವೆಸಿದವನಿಗೆ ಆಡಿನ ರೂಪದ ಗೊಂಬೆಗಳು ತೀರ್ಪುಗಾರರು; ಕೊಚ್ಚಿಸಿಕೊಳ್ಳಲು, ಬೇಯಿಸಿಕೊಳ್ಳಲು ತರಕಾರಿ ಮಾಂಸಗಳೇ ಪ್ರೇಕ್ಷಕರ ಸಾಲಿನಿಂದ ಹುರುಪಿನಲ್ಲಿ ಮುಂದೆ ಬರುತ್ತವೆ; ಗಡಿಯಾರ ಓಡುತ್ತಿರುತ್ತದೆ. ಆತಂಕವನ್ನು ಸಂಭಾಷಣೆಯಲ್ಲಿ ವಿವರಿಸದೆ ಆಟಗಾರನ ಬೆರಳಿಗೇ ಅಂಟಿಸಿದ ಜಾಣತನ ಇಲ್ಲಿದೆ. ಹೆಲ್ಮಟ್ ಫುಲ್‌ಬೇರ್ ಎಂಬಾತನದು ದೇಹವಿಲ್ಲದೆ ದಶಕಗಳ ಕಾಲ ಉಳಿದ ಮಿದುಳು. ಇಂದ್ರಿಯಗಳನ್ನೇ ಮರೆತ ಆ ಮನಸ್ಸಿನಲ್ಲಿ ಕಣ್ಣು, ಕಿವಿ, ಮೂಗುಗಳು ಚದುರಿಹೋದ ಸಂಗೀತ ತಂಡದ ಸದಸ್ಯರು. ಅವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ತಂದಂತೆಲ್ಲ ಬಣ್ಣಗಳು ಉಕ್ಕುತ್ತವೆ. ನಟ ಜ್ಯಾಕ್ ಬ್ಲ್ಯಾಕ್ ಅವರ ದನಿ ಆ ಹಂತಕ್ಕೆ ಮತ್ತಷ್ಟು ಮೆರುಗು ಕೊಡುತ್ತದೆ. ಆ ಸಡಗರದ ಮುಂದೆ ಬಾಬ್ ಜನೊಟೊನ ಹಂತವನ್ನು ಇಟ್ಟಿರುವುದು ಬರಹಗಾರರ ಧೈರ್ಯ. ಬಾಬ್ ಹೆಲ್ಮಟ್‌ನ ಗಂಡ. ಸಂಗಾತಿಯನ್ನು ಕಳೆದುಕೊಂಡ ದುಃಖದಲ್ಲಿ ಕುಡಿತಕ್ಕೆ ಬಿದ್ದವನು. ಅವನ ಮನಸ್ಸು ಬರಿಯ ಸಮುದ್ರ, ಅದರಲ್ಲಿ ಅಲ್ಲಲ್ಲಿ ಪುಟ್ಟ ದ್ವೀಪಗಳು, ತೇಲುವ ಬಾಟಲಿಗಳು, ಬಾಟಲಿಯೊಳಗೆ ಮುಚ್ಚಿಟ್ಟ ನೆನಪುಗಳು. ಇಲ್ಲಿ ಮಾಡಲು ಹೆಚ್ಚು ಕೆಲಸವಿಲ್ಲ, ದೋಣಿಯಲ್ಲಿ ಸಾಗುವುದೇ ಹೆಚ್ಚು. ಆ ಖಾಲಿತನ ಬೇಕೆಂದೇ ಮಾಡಿದ್ದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಕಥೆಯ ಬೆನ್ನೆಲುಬಾಗಿರುವ ಫೋರ್ಡ್ ಕ್ರುಲರ್ ಅವರ ಮನಸ್ಸು ಮೂರು ಚೂರಾಗಿ, ಒಂದರಲ್ಲಿ ಕ್ಷೌರದ ಲೋಕ, ಒಂದರಲ್ಲಿ ಅಂಚೆ, ಒಂದರಲ್ಲಿ ಬೌಲಿಂಗ್ ಚೆಂಡಿನ ನಗರ ಎಂದು ಹರಡಿದೆ. ಜೇನು ಸಾಕುವ ಕ್ಯಾಸಿ ಎಂಬಾಕೆಯದು ಗ್ರಂಥಾಲಯ. ಅಲ್ಲಿ ರ‍್ಯಾಜ್ ಕಾಗದದ ಪುಟಗಳ ಮೇಲೆ ಚಪ್ಪಟೆಯಾಗಿ ಓಡುತ್ತಾನೆ. ಕೊನೆಯ ಹಂತಗಳ ಬಗ್ಗೆ ಬರೆದರೆ ಕಥೆಯ ಗುಟ್ಟು ಬಯಲಾಗುತ್ತದೆ, ಹಾಗಾಗಿ ಬಿಡುತ್ತೇನೆ. ಮನೆತನದ ಶಾಪ, ಒಂದು ಕಾಲ್ಪನಿಕ ದೇಶದ ರಾಜಕೀಯ, ವೃದ್ಧ ಗೆಳೆಯರ ಹಳೆಯ ತಪ್ಪು ಎಲ್ಲವೂ ಅಲ್ಲಿ ಒಂದೇ ಗಂಟಿಗೆ ಬರುತ್ತವೆ ಎಂದಷ್ಟು ಹೇಳಬಹುದು.

ದೋಷಗಳಿಲ್ಲ ಎಂದಲ್ಲ. ಕಾಳಗ ಮೊದಲ ಆಟಕ್ಕಿಂತ ಬಹಳ ಸುಧಾರಿಸಿದೆ. ಶತ್ರುಗಳೂ ಕಲ್ಪನೆಯ ಕೂಸುಗಳೇ. ಭಾರ ಹೊತ್ತು ಹಾರುವ ಪಶ್ಚಾತ್ತಾಪ, ಕಾಲಿಗೆ ಅಂಟುವ ಸಂಶಯ, ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಎರಗುವ ಗಾಬರಿ, ಉಳಿದವರಿಗೆ ಜೈಕಾರ ಹಾಕಿ ರಕ್ಷಿಸುವ ಕುಮ್ಮಕ್ಕುಗಾರ, ಹೀಗೆ. ಒಂದೊಂದನ್ನು ಸೋಲಿಸಲು ಒಂದೊಂದು ಶಕ್ತಿ ಬೇಕು. ಒಟ್ಟು ಎಂಟು ಶಕ್ತಿಗಳಿವೆ, ಆದರೆ ಒಮ್ಮೆಗೆ ನಾಲ್ಕನ್ನು ಮಾತ್ರ ಗುಂಡಿಗಳಿಗೆ ಕಟ್ಟಿಕೊಳ್ಳಬಹುದು. ಹೀಗಾಗಿ ಗದ್ದಲದ ನಡುವೆ ಆಟವನ್ನು ನಿಲ್ಲಿಸಿ ಶಕ್ತಿಗಳನ್ನು ಅದಲು ಬದಲು ಮಾಡುವುದೇ ಒಂದು ಕೆಲಸವಾಗುತ್ತದೆ, ಕಾಳಗದ ಲಯ ಕೆಡುತ್ತದೆ. ಎಲ್ಲೆಲ್ಲೂ ಚೆಲ್ಲಿರುವ ಮಿನುಗುವ ಚಿತ್ರಗಳನ್ನು ಹೆಕ್ಕುವ ಕೆಲಸ ನನಗೆ ಬೇಗ ಬೇಸರ ತಂದಿತು. ಪ್ರತಿ ಹಂತದಲ್ಲೂ ಅವು ನೂರಾರು, ಹಲವು ಅರೆಪಾರದರ್ಶಕವಾಗಿದ್ದು ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಆರಂಭದಲ್ಲಿ ಅಷ್ಟು ಚೆನ್ನಾಗಿ ಪರಿಚಯಿಸಿದ ಸಹಪಾಠಿಗಳನ್ನು ಕಥೆ ಅರ್ಧದಾರಿಯಲ್ಲಿ ಮರೆತುಬಿಡುತ್ತದೆ. ರ‍್ಯಾಜ್‌ನ ಗೆಳತಿ ಲಿಲಿಗೂ ಸಿಕ್ಕ ಪಾಲು ತೀರ ಕಡಿಮೆ. ಒಂದು ಮಾತು ಕನ್ನಡದ ಓದುಗರಿಗೆ: ಆಟದಲ್ಲಿ ಸಂಭಾಷಣೆ ಧಾರಾಳ, ಹಾಸ್ಯದ ಬಹುಪಾಲು ಇಂಗ್ಲಿಷಿನ ಪದಚಮತ್ಕಾರ, ಸಬ್‌ಟೈಟಲ್ ಹಾಕಿಕೊಂಡು ನಿಧಾನವಾಗಿ ಆಡುವುದು ಒಳ್ಳೆಯದು.

ಇನ್ನು ಖರೀದಿಯ ಲೆಕ್ಕ. ಹಣ ಸಾಲದೆ, ಹಂತದ ಕೊನೆಗೆ ದೊಡ್ಡ ಶತ್ರುವಿನೊಡನೆ ನಡೆಯುವ ಬಾಸ್ ಕಾಳಗಗಳನ್ನು ಕೈಬಿಡಲು ನಿರ್ಧರಿಸಿದ್ದೆವು, ಮೈಕ್ರೋಸಾಫ್ಟ್ ಬಂದ ಮೇಲೆ ಅವನ್ನು ಮರಳಿ ಸೇರಿಸಿದೆವು ಎಂದು ಸ್ಟುಡಿಯೊದವರೇ ಬಿಡುಗಡೆಗೆ ಮುನ್ನ ಹೇಳಿದ್ದರು. ಈ ಒಂದು ಸಂಗತಿ ನೂರು ಊಹೆಗಳಿಗಿಂತ ಹೆಚ್ಚು ಉಪಯುಕ್ತ. ಹಾಲಿಸ್ ಅವರ ಹಂತದ ಕೊನೆಗೆ ಎದುರಾಗುವ ಎಂಟು ಕೈಗಳ ಅದೃಷ್ಟದೇವತೆಯನ್ನು, ಕಾಂಪ್ಟನ್ನನ ಹಂತದ ಕೊನೆಗೆ ದೈತ್ಯಾಕಾರ ತಾಳುವ ತೀರ್ಪುಗಾರರನ್ನು ತೆಗೆದುಹಾಕಿದ ಆಟವನ್ನು ಕಲ್ಪಿಸಿಕೊಳ್ಳಿ. ಕಥೆಗೆ ಅರ್ಥ ಉಳಿಯುತ್ತದೆ, ಸಂಭಾಷಣೆಯ ಸೊಗಸು ಉಳಿಯುತ್ತದೆ. ಆದರೆ ಹಂತವಿಡೀ ಕಟ್ಟುತ್ತ ಬಂದ ಭಯಕ್ಕೆ ಒಂದು ಮುಖ ಸಿಗದೆ, ಪ್ರತಿ ಮನಸ್ಸೂ ಮಾತಿನಲ್ಲೇ ಮುಗಿದುಬಿಡುತ್ತಿತ್ತು. ಎದ್ದು ಕಾಣುವ ಇನ್ನೊಂದು ಲಾಭ ಅವಸರದ ಗುರುತಿಲ್ಲದಿರುವುದು. ಮೊದಲ ಆಟದ ಕೊನೆಯ ಮಾಂಸದ ಸರ್ಕಸ್ಸಿನ ಹಂತ ಇಂದಿಗೂ ಕುಖ್ಯಾತ. ಕಷ್ಟದ ಮಟ್ಟವನ್ನು ಹದ ಮಾಡಲು ಸಮಯ ಸಿಗದಿದ್ದರೆ ಹೇಗಿರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಎರಡನೆಯದರಲ್ಲಿ ಅಂಥ ಒಂದು ಜಾಗವೂ ಇಲ್ಲ. ಬೇಕಾದವರು ಪೆಟ್ಟೇ ತಾಗದಂತೆ, ಬಿದ್ದರೂ ನೋವಾಗದಂತೆ ಹೊಂದಿಸಿಕೊಂಡು ಕಥೆಯನ್ನಷ್ಟೇ ಆಡಿ ಮುಗಿಸುವ ಏರ್ಪಾಡೂ ಇದೆ. ಬೆರಳಿನ ಚುರುಕು ಕಡಿಮೆಯಿರುವವರಿಗೆ ಇದು ದೊಡ್ಡ ಉಪಕಾರ.

ಹಾಗಾದರೆ ಆಟ ಚೆನ್ನಾಗಿರುವುದು ಮೈಕ್ರೋಸಾಫ್ಟಿನಿಂದ ಎಂದು ಹೇಳಬಹುದೇ? ಹೇಳಲಾಗದು. ಹಾಲಿಸ್ ಅವರ ಆಸ್ಪತ್ರೆ, ಬಾಬನ ಬಾಟಲಿಗಳು, ಮನಸ್ಸಿಗೆ ಇಳಿಯುವ ಮುನ್ನ ಅನುಮತಿ ಕೇಳುವ ಹುಡುಗ, ಇವೆಲ್ಲ ಹಣ ಕೊಟ್ಟು ತರುವ ವಸ್ತುಗಳಲ್ಲ; ಇಪ್ಪತ್ತು ವರ್ಷ ಒಂದೇ ಊರಿನಲ್ಲಿ, ಬಹುಪಾಲು ಒಂದೇ ಬಳಗ ಒಟ್ಟಿಗೆ ಕೆಲಸ ಮಾಡಿದ್ದರ ಫಲ. ಕೊಂಡವರು ಕೊಟ್ಟದ್ದು ಸಮಯ ಮಾತ್ರ. ಆದರೆ ಆ ಸ್ಟುಡಿಯೊ ತನ್ನ ಇಡೀ ಆಯುಷ್ಯದಲ್ಲಿ ಕೊರಗಿದ್ದೂ ಸಮಯಕ್ಕಾಗಿಯೇ. ನಿರ್ಮಾಣದ ಇಡೀ ಅವಧಿಯನ್ನು ಚಿತ್ರೀಕರಿಸಿದ 32 ಕಂತುಗಳ ಸಾಕ್ಷ್ಯಚಿತ್ರವೊಂದು 2023ರಲ್ಲಿ ಉಚಿತವಾಗಿ ಬಿಡುಗಡೆಯಾಯಿತು. ಕಚೇರಿಯೊಳಗಿನ ಜಗಳ, ದಣಿವು, ಕತ್ತರಿ ಹಾಕುವ ಸಭೆಗಳ ಸಂಕಟವನ್ನೆಲ್ಲ ಅದು ಮುಚ್ಚಿಡದೆ ತೋರಿಸುತ್ತದೆ. ಸ್ಟುಡಿಯೊ ಕೈಬದಲಾದರೆ ಎಲ್ಲ ಬಾಧೆಯೂ ಕಳೆಯುತ್ತದೆ ಎಂದು ನಂಬುವವರು ಅದರ ಮೊದಲ ಹತ್ತು ಕಂತುಗಳನ್ನಾದರೂ ನೋಡಬೇಕು. ಹಲವು ಬಾಧೆಗಳಿಗೂ ಹಣಕ್ಕೂ ಸಂಬಂಧವಿಲ್ಲ.

ಕೊಟ್ಟ ಮಾತಿನ ವಿಷಯದಲ್ಲಿ ಮೈಕ್ರೋಸಾಫ್ಟ್ ಸರಿಯಾಗಿ ನಡೆದುಕೊಂಡಿತು. ಫಿಗ್‌ನಲ್ಲಿ ಹಣ ಕೊಟ್ಟವರಿಗೆ ಸೋನಿಯ ಪ್ಲೇಸ್ಟೇಷನ್ 4, ಮ್ಯಾಕ್, ಲಿನಕ್ಸ್ ಆವೃತ್ತಿಗಳ ಭರವಸೆ ಇತ್ತು. ಪ್ರತಿಸ್ಪರ್ಧಿಯ ಕನ್ಸೋಲಿಗೂ ಆಟ ಮೊದಲ ದಿನವೇ ಬಂತು, ಮ್ಯಾಕ್ ಮತ್ತು ಲಿನಕ್ಸ್ ಮರುವರ್ಷ ಬಂದವು. ಆದರೆ ಪ್ಲೇಸ್ಟೇಷನ್ 5ಕ್ಕೆಂದು ಪ್ರತ್ಯೇಕ ಆವೃತ್ತಿ ಬರಲಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲುಗಳಿಗೆ ಬಂತು. ಮಾತು ಕೊಟ್ಟಷ್ಟನ್ನು ಉಳಿಸಿಕೊಂಡರು, ಅದರಾಚೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಕನ್ಸೋಲ್ ಮಾರುವ ಕಂಪನಿ ಸ್ಟುಡಿಯೊ ಕೊಂಡಾಗ ಬೇರೆ ಕನ್ಸೋಲಿನವರು ನಿರೀಕ್ಷಿಸಬಹುದಾದ ಗರಿಷ್ಠ ಇದೇ.

ಇದೇ ಯಜಮಾನರ ಕೈಕೆಳಗೆ ಇತರರಿಗೆ ಏನಾಯಿತು ಎಂಬುದನ್ನೂ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾಗುತ್ತದೆ. ಮೈಕ್ರೋಸಾಫ್ಟ್ 2021ರಲ್ಲಿ ಜೆನಿಮ್ಯಾಕ್ಸ್ ಕಂಪನಿಯನ್ನು 750 ಕೋಟಿ ಡಾಲರಿಗೆ, 2023ರಲ್ಲಿ ಆಕ್ಟಿವಿಷನ್ ಬ್ಲಿಜರ್ಡ್ ಕಂಪನಿಯನ್ನು 6,870 ಕೋಟಿ ಡಾಲರಿನ ಒಪ್ಪಂದದಲ್ಲಿ ಕೊಂಡಿತು. ಜೆನಿಮ್ಯಾಕ್ಸ್ ಜೊತೆಗೆ ಬಂದ ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್ ಸ್ಟುಡಿಯೊ 2023ರ ಜನವರಿಯಲ್ಲಿ ‘ಹೈ-ಫೈ ರಶ್’ ಎಂಬ ಆಟ ಕೊಟ್ಟು ಎಲ್ಲರಿಂದ ಶಹಬ್ಬಾಸ್ ಎನಿಸಿಕೊಂಡಿತು. 2024ರ ಮೇ ತಿಂಗಳಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಣೆ ಬಂತು, ಅರ್ಕೇನ್ ಸ್ಟುಡಿಯೊದ ಆಸ್ಟಿನ್ ಶಾಖೆಯೊಂದಿಗೆ. ಅದೇ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಆ ತಂಡವನ್ನೂ ಆಟದ ಹಕ್ಕನ್ನೂ ತೆಗೆದುಕೊಂಡಿದ್ದರಿಂದ ಟ್ಯಾಂಗೊ ಉಳಿಯಿತು. ಒಳ್ಳೆಯ ಆಟ ಮಾಡಿದರೆ ಸ್ಟುಡಿಯೊ ಸುರಕ್ಷಿತ ಎಂಬ ನಂಬಿಕೆಗೆ ಇಲ್ಲಿ ಪೆಟ್ಟು ಬಿತ್ತು. ಅಂಗಡಿಯಲ್ಲಿ ಮಾರಾಟವಾಗುವ ಆಟಕ್ಕೆ ಪ್ರತಿಗಳ ಎಣಿಕೆ ಇರುತ್ತದೆ, ಆ ಎಣಿಕೆಯನ್ನು ತೋರಿಸಿ ಸ್ಟುಡಿಯೊ ತನ್ನ ಪರ ವಾದಿಸಬಹುದು. ಚಂದಾ ಸೇವೆಯಲ್ಲಿ ಒಂದು ಆಟದಿಂದ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಉಳಿದರು ಎಂಬ ಲೆಕ್ಕ ಮೇಲಿನ ಕಚೇರಿಯಲ್ಲಿಯೇ ಇರುತ್ತದೆ. ಮಾರಾಟದ ಚಿಂತೆಯಿಂದ ಬಿಡುಗಡೆ ಪಡೆದ ಸ್ಟುಡಿಯೊ, ತನ್ನ ಪರವಾಗಿ ಹೇಳಿಕೊಳ್ಳಬಹುದಾದ ಸಂಖ್ಯೆಯನ್ನೂ ಅದರ ಜೊತೆಗೇ ಬಿಟ್ಟುಕೊಟ್ಟಿರುತ್ತದೆ.

ಡಬಲ್ ಫೈನ್ ಈವರೆಗೆ ಆ ಗಂಡಾಂತರಕ್ಕೆ ಸಿಕ್ಕಿಲ್ಲ. ಒಂದು ಮಾತಿನ ಸಂಭಾಷಣೆಯೂ ಇಲ್ಲದ, ನಡೆದಾಡುವ ಲೈಟ್‌ಹೌಸ್ ಒಂದು ಹಕ್ಕಿಯ ಜೊತೆ ಬೆಟ್ಟದ ಕಡೆಗೆ ಹೋಗುವ ‘ಕೀಪರ್’ ಎಂಬ ಪುಟ್ಟ ಆಟವನ್ನು ಅದು 2025ರ ಅಕ್ಟೋಬರಿನಲ್ಲಿ ಹೊರತಂದಿತು. ಯಾವ ಪ್ರಕಾಶಕರ ಬಳಿ ಹೋಗಿ ಅಂಥ ಕಥೆ ಹೇಳಿದರೂ ಹಣ ಹುಟ್ಟುತ್ತಿರಲಿಲ್ಲ. ಖರೀದಿಯಾದ ಆರು ವರ್ಷಗಳ ನಂತರವೂ ಇಂಥ ಆಟ ಬರುವಷ್ಟು ಅವಕಾಶ ಅಲ್ಲಿದೆ ಎಂಬುದು ನನ್ನ ಮಟ್ಟಿಗೆ, ಬಾಸ್ ಕಾಳಗಗಳು ಮರಳಿ ಬಂದದ್ದಕ್ಕಿಂತ ದೊಡ್ಡ ಸಂಗತಿ.

ಕೊಳ್ಳುವವರಿಗೆ ಕೊನೆಯ ಕೆಲವು ಮಾತು. ಮೊದಲ ಆಟ ಆಡದವರೂ ಧೈರ್ಯವಾಗಿ ಶುರುಮಾಡಬಹುದು. ಹಿಂದಿನ ಕಥೆಯನ್ನು ಆರಂಭದ ಚಿತ್ರಸರಣಿಯಲ್ಲಿ ಚುಟುಕಾಗಿ ಹೇಳುತ್ತಾರೆ, ಆಡಿದವರಿಗೆ ಅಲ್ಲಲ್ಲಿ ಹೆಚ್ಚಿನ ಸಂತೋಷ ಸಿಗುತ್ತದೆ ಅಷ್ಟೇ. ಕಥೆಯನ್ನು ಮುಗಿಸಲು ಒಂದೆರಡು ವಾರಾಂತ್ಯ ಸಾಕು, ಎಲ್ಲವನ್ನೂ ಹೆಕ್ಕಲು ಹೊರಟರೆ ಇನ್ನೂ ಹೆಚ್ಚು ಬೇಕು. ಹೆಕ್ಕಬೇಡಿ ಎಂಬುದು ನನ್ನ ಸಲಹೆ. ಗೇಮ್ ಪಾಸ್ ಚಂದಾ ಇರುವವರು ಬೇರೆ ಹಣ ಕೊಡುವ ಮುನ್ನ ಅದರ ಪಟ್ಟಿಯನ್ನೊಮ್ಮೆ ನೋಡಿಕೊಳ್ಳಲಿ. ಚಂದಾ ಇಲ್ಲದವರು ಪಿಸಿಯ ಆವೃತ್ತಿಯನ್ನು ರಿಯಾಯಿತಿಯ ಸಮಯದಲ್ಲಿ ಕೊಂಡು ಇಟ್ಟುಕೊಳ್ಳುವುದು ಲೇಸು. ಪ್ಲೇಸ್ಟೇಷನ್ 5 ಮಾತ್ರ ಇರುವವರು ಪ್ಲೇಸ್ಟೇಷನ್ 4ರ ಆವೃತ್ತಿಯನ್ನೇ ಅದರಲ್ಲಿ ಹಾಕಿ ಆಡಬಹುದು. ಚಿತ್ರದ ಸ್ಪಷ್ಟತೆ ಸ್ವಲ್ಪ ಕಡಿಮೆಯಾದರೂ ಆಟದಲ್ಲಿ ಏನೂ ಬಿಟ್ಟುಹೋಗುವುದಿಲ್ಲ.